ಪೊರಕೆ ತಲೆಗೆ ತಾಗಬಾರದು

ನಮ್ಮ ಮನೆಯಲ್ಲಿ ಪೊರಕೆಗೆ ಅದರದ್ದೇ ಆದ ಕಾನೂನುಗಳಿದ್ದವು. ದೀಪ ಹಚ್ಚಿದ ಮೇಲೆ ಕಸ ಗುಡಿಸಬಾರದು. ಪೊರಕೆಯನ್ನು ದಾಟಬಾರದು, ಕಾಲಲ್ಲಿ ಒದೆಯಬಾರದು. ಎಲ್ಲಕ್ಕಿಂತ ಮುಖ್ಯವಾಗಿ ಅದು ಯಾರ ಮೈಗೂ, ಅದರಲ್ಲೂ ತಲೆಗೆ, ತಾಗಬಾರದು. ಅಪ್ಪಿತಪ್ಪಿ ತಾಗಿದರೆ ಅಜ್ಜಿ "ಥೂ ಥೂ ಅನ್ನು ಬೇಗ" ಎಂದು ಉಗುಳಿಸಿಯೇ ಮುಂದಕ್ಕೆ ಬಿಡುತ್ತಿದ್ದಳು. ತೆಂಗಿನ ಗರಿಯ ಕಡ್ಡಿ ಪೊರಕೆ ಅದು. ತಿಪಟೂರಿನಲ್ಲಿ ತೆಂಗಿಗೇನು ಬರ. ಆ ಪೊರಕೆಗೆ ಉದ್ದನೆಯ ಕೋಲು ಇರುತ್ತಿರಲಿಲ್ಲ. ಗುಡಿಸುವವರೇ ಬಗ್ಗಬೇಕು.

ಇಪ್ಪತ್ತೆಂಟನೇ ವಯಸ್ಸಿನಲ್ಲಿ, ಅಮೆರಿಕದ ಮಿಶಿಗನ್ ರಾಜ್ಯದ ಒಂದು ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಜಾಗದಲ್ಲಿ, ಛಾವಣಿ ಮಡಚಿದ ಪುಟ್ಟ ಕಾರಿನೊಳಗೆ ಹೆಲ್ಮೆಟ್ ಹಾಕಿಕೊಂಡು ಕೂತಿದ್ದ ನನ್ನ ತಲೆಯ ಮೇಲೆ ನನ್ನ ರೂಮ್‌ಮೇಟ್ ಪೊರಕೆಯ ಕೋಲೊಂದನ್ನು ಅಡ್ಡಡ್ಡ ಇಟ್ಟ. ಕೋಲಿನ ಒಂದು ತುದಿ ಸೀಟಿನ ಹಿಂದಿದ್ದ ಕಬ್ಬಿಣದ ಕಮಾನಿನ ಮೇಲೆ, ಇನ್ನೊಂದು ತುದಿ ಮುಂದಿನ ಗಾಜಿನ ಚೌಕಟ್ಟಿನ ಮೇಲೆ. ಮಧ್ಯದಲ್ಲಿ ನನ್ನ ತಲೆ.

"ಲೇ, ತಾಗಾಕತ್ತೈತಿ" ಅಂದ ಅವನು.

ಅವನು ಗದಗ ಕಡೆಯವನು. ನನ್ನದೇ ವಿಶ್ವವಿದ್ಯಾಲಯದಲ್ಲಿ, ಬೇರೆ ವಿಭಾಗದಲ್ಲಿ ಪಿಎಚ್‌ಡಿ ಮಾಡುತ್ತಿದ್ದಾನೆ. ಅವನ ಎತ್ತರ ಐದಡಿ ನಾಲ್ಕಿಂಚು, ನನ್ನದು ಆರಡಿ ಒಂದಿಂಚು. ಇಬ್ಬರೂ ಸೇರಿ ಒಂದು ಹಳೆಯ ಕಾರು ಕೊಂಡಿದ್ದೆವು: 1996ರ ಮಾಜ್ದಾ ಮಿಯಾಟಾ. ಎರಡೇ ಸೀಟು, ಬಟ್ಟೆಯ ಛಾವಣಿ, ಒಂದು ಟನ್ನಿನ ಆಸುಪಾಸಿನ ತೂಕ. 1989ರಲ್ಲಿ ಶಿಕಾಗೋ ಆಟೋ ಶೋದಲ್ಲಿ ಮೊದಲ ಬಾರಿಗೆ ತೋರಿಸಿದ ಈ ಕಾರು, ಇಲ್ಲಿ ಕಡಿಮೆ ದುಡ್ಡಿನಲ್ಲಿ ರೇಸ್ ಟ್ರ್ಯಾಕಿನ ರುಚಿ ನೋಡಬೇಕೆನ್ನುವವರ ಮೊದಲ ಆಯ್ಕೆ. ಪೈಪೋಟಿ ಇಲ್ಲ, ಬಹುಮಾನ ಇಲ್ಲ. ಕ್ಲಬ್ಬಿಗೆ ಶುಲ್ಕ ಕಟ್ಟಿ, ಪಕ್ಕದಲ್ಲಿ ಒಬ್ಬ ತರಬೇತುದಾರನನ್ನು ಕೂರಿಸಿಕೊಂಡು, ನಮ್ಮದೇ ಕಾರಿನಲ್ಲಿ ಟ್ರ್ಯಾಕ್ ಸುತ್ತುವುದು. ಐದು ವರ್ಷ ಒಂದೇ ಪ್ರಯೋಗಾಲಯದಲ್ಲಿ, ಒಂದೇ ಯಂತ್ರದ ಮುಂದೆ ಕೂತವನಿಗೆ ಆ ಆಸೆ ಎಲ್ಲಿಂದ ಬಂತು ಎಂದು ಕೇಳಬೇಡಿ. ಆ ಪ್ರಶ್ನೆಯಲ್ಲೇ ಉತ್ತರವಿದೆ.

ಛಾವಣಿ ಇರುವ ಕಾರಾದರೆ ತೊಂದರೆ ಕಡಿಮೆ. ಬಟ್ಟೆ ಛಾವಣಿಯ ಕಾರು ಪಲ್ಟಿಯಾದರೆ ಒಳಗಿದ್ದವನ ತಲೆಗೂ ನೆಲಕ್ಕೂ ನಡುವೆ ಏನೂ ಇರುವುದಿಲ್ಲ. ಅದಕ್ಕೇ ಹೆಚ್ಚಿನ ಕ್ಲಬ್ಬುಗಳು ಅಂಥ ಕಾರಿಗೆ ರೋಲ್ ಬಾರ್ ಕಡ್ಡಾಯ ಮಾಡಿವೆ. ರೋಲ್ ಬಾರ್ ಎಂದರೆ ಸೀಟುಗಳ ಹಿಂದೆ, ಕಾರಿನ ಒಂದು ಮಗ್ಗುಲಿಂದ ಇನ್ನೊಂದು ಮಗ್ಗುಲಿಗೆ ಬಗ್ಗಿಸಿದ ಉಕ್ಕಿನ ಕೊಳವೆ. ಹಿಂದಕ್ಕೆ ಊರುಗೋಲಿನಂತೆ ಎರಡು ಕೊಳವೆಗಳು. ಅಂಗಡಿಯಲ್ಲಿ ಅದೇ ಆಕಾರದ, ಹೊಳೆಯುವ 'ಸ್ಟೈಲ್ ಬಾರ್'ಗಳೂ ಸಿಗುತ್ತವೆ. ಅವು ಅಂದಕ್ಕಷ್ಟೇ, ಭಾರ ಬಿದ್ದರೆ ಮಡಚಿಕೊಳ್ಳುತ್ತವೆ. ಬಟ್ಟೆಯ ಬದಲು ಗಟ್ಟಿ ಛಾವಣಿಯನ್ನು ಮೇಲೆ ತಂದು ಕೂರಿಸಿದರೂ ಸಾಕಾಗುವುದಿಲ್ಲ. ಅದು ಮಳೆ ತಡೆಯುತ್ತದೆಯೇ ಹೊರತು ಕಾರಿನ ಭಾರ ಹೊರುವುದಿಲ್ಲ.

ಇಲ್ಲಿ ನನ್ನ ಜಂಭದ ಬಗ್ಗೆ ಹೇಳಬೇಕು. ನನ್ನ ಸಂಶೋಧನೆಯೇ ಉಕ್ಕಿನ ಬೆಸುಗೆಗಳ ಬಗ್ಗೆ. ಒಂದು ಬೆಸುಗೆ ಎಷ್ಟು ಸಲ ಎಳೆದು ಬಿಟ್ಟರೆ ಬಿರುಕು ಬಿಡುತ್ತದೆ ಎಂದು ಎಣಿಸುತ್ತಾ ಕೂರುವುದು ನನ್ನ ಕೆಲಸ. ಹಾಗಾಗಿ ರೋಲ್ ಬಾರ್ ಆರಿಸುವ ಹೊಣೆ ನನ್ನದೇ ಆಯಿತು. 1.75 ಇಂಚು ವ್ಯಾಸ, 0.120 ಇಂಚು ದಪ್ಪದ ಕೊಳವೆ. ಅದು ಎಷ್ಟು ಭಾರಕ್ಕೆ ಬಾಗುತ್ತದೆ, ಯಾವ ಮೂಲೆ ಮೊದಲು ಸೋಲುತ್ತದೆ ಎಂದು ಎರಡು ರಾತ್ರಿ ಕೂತು ಲೆಕ್ಕ ಹಾಕಿದೆ. ಸೀಟಿನ ಹಿಂದಿನ ಕಾರ್ಪೆಟ್ ಕಿತ್ತು, ತಗಡಿಗೆ ತೂತು ಕೊರೆದು, ಮೇಲೊಂದು ಕೆಳಗೊಂದು ಉಕ್ಕಿನ ಪಟ್ಟಿ ಕೊಟ್ಟು ಬೋಲ್ಟು ಬಿಗಿದೆವು. ಬರೀ ತಗಡಿಗೆ ಬಿಗಿದರೆ ಪಲ್ಟಿಯ ಹೊಡೆತಕ್ಕೆ ಕಮಾನು ಮುರಿಯದಿದ್ದರೂ ತಗಡು ಹರಿದು ಕಮಾನಿನ ಕಾಲು ಒಳಕ್ಕೆ ಇಳಿದುಬಿಡುತ್ತದೆ. ಇದನ್ನೆಲ್ಲ ನಾನು ಗೆಳೆಯನಿಗೆ ಪಾಠದ ಹಾಗೆ ವಿವರಿಸುತ್ತಿದ್ದೆ. ಅವನು ಸ್ಪ್ಯಾನರ್ ತಿರುಗಿಸುತ್ತಾ "ಹೂಂ, ಹೂಂ" ಅನ್ನುತ್ತಿದ್ದ.

ಹೆಲ್ಮೆಟ್ಟಿಗೂ ಇಂಥದೇ ಅಧ್ಯಯನ ಮಾಡಿದೆ. 1956ರಲ್ಲಿ ರೇಸೊಂದರಲ್ಲಿ ತಲೆಗೆ ಪೆಟ್ಟಾಗಿ ತೀರಿಕೊಂಡ ಪೀಟ್ ಸ್ನೆಲ್ ಎಂಬ ಚಾಲಕನ ಹೆಸರಿನಲ್ಲಿ ಮರುವರ್ಷ ಹುಟ್ಟಿದ ಸ್ನೆಲ್ ಪ್ರತಿಷ್ಠಾನ ಹೆಲ್ಮೆಟ್ಟುಗಳನ್ನು ಪರೀಕ್ಷಿಸಿ ಮುದ್ರೆ ಹಾಕುತ್ತದೆ. ಬೈಕಿನವಕ್ಕೆ 'ಎಂ', ಕಾರು ರೇಸಿನವಕ್ಕೆ 'ಎಸ್‌ಎ'. ಎಸ್‌ಎ ಹೆಲ್ಮೆಟ್ಟಿನ ಒಳಪದರ ಬೆಂಕಿಗೆ ಸುಲಭವಾಗಿ ಉರಿಯುವುದಿಲ್ಲ. ಜೊತೆಗೆ ರೋಲ್ ಬಾರಿನಂಥದೇ ಕಬ್ಬಿಣದ ಸರಳಿಗೆ ಅದನ್ನು ಬಡಿದು ನೋಡುತ್ತಾರೆ. ಏಕೆಂದರೆ ಕಾಪಾಡಬೇಕಾದ ಕಮಾನು ತಲೆಯ ಹಿಂದೆಯೇ ಇರುತ್ತದಲ್ಲ. ಹೆಲ್ಮೆಟ್ ಇಲ್ಲದೆ ಊರೊಳಗೆ ಓಡಿಸುವಾಗ ಹಿಂದಿನಿಂದ ಯಾರಾದರೂ ಗುದ್ದಿದರೆ ಅದೇ ಕಮಾನು ಬುರುಡೆ ಒಡೆಯಬಲ್ಲದು. ಅದಕ್ಕೇ ಅದಕ್ಕೆ ಗಟ್ಟಿ ಫೋಮಿನ ಹೊದಿಕೆ ಸುತ್ತಿದೆವು. ಉಳಿಸುವ ವಸ್ತುವೇ ಕೊಲ್ಲಲೂಬಲ್ಲದು ಎಂಬುದನ್ನು ಓದಿ, ಸುತ್ತಿ, ಅಂಟಿಸಿ ಮುಗಿಸಿದ ನಾನು ಒಂದನ್ನು ಮಾತ್ರ ಅಳೆದಿರಲಿಲ್ಲ. ನನ್ನ ತಲೆಯನ್ನು.

ಕ್ಲಬ್ಬಿನ ನಿಯಮಪತ್ರದಲ್ಲಿ ಅದು ಒಂದೇ ಸಾಲು. ಚಾಲಕ ಹೆಲ್ಮೆಟ್ ಹಾಕಿ, ಬೆಲ್ಟು ಕಟ್ಟಿ ಕೂತಾಗ, ರೋಲ್ ಬಾರಿನ ತುದಿಯಿಂದ ಮುಂಗಾಜಿನ ಚೌಕಟ್ಟಿನ ತುದಿಗೆ ಎಳೆದ ನೇರ ಗೆರೆಗಿಂತ ಹೆಲ್ಮೆಟ್ಟು ಕೆಳಗಿರಬೇಕು. ಕೆಲವು ಕ್ಲಬ್ಬುಗಳು ಎರಡು ಇಂಚು ಕೆಳಗೆ ಇರಬೇಕೆನ್ನುತ್ತವೆ, ಕೆಲವು ಗೆರೆಗೆ ತಾಗದಿದ್ದರೆ ಸಾಕೆನ್ನುತ್ತವೆ. ನಾವು ಹೆಸರು ಕೊಟ್ಟ ಕ್ಲಬ್ಬು ಎರಡನೇ ಬಗೆಯದು. ಗೆರೆ ಎಳೆಯಲು ಪೊರಕೆಯ ಕೋಲನ್ನೇ ಬಳಸುವುದರಿಂದ ಇದಕ್ಕೆ ಇಲ್ಲಿನವರ ಬಾಯಲ್ಲಿ 'ಪೊರಕೆ ಪರೀಕ್ಷೆ' ಎಂದೇ ಹೆಸರು. ಅಜ್ಜಿಯ ಕಾನೂನು ಸಮುದ್ರ ದಾಟಿ ನನಗಿಂತ ಮೊದಲೇ ಬಂದು ಕೂತಿತ್ತು.

ಮತ್ತೆ ಆ ಪಾರ್ಕಿಂಗ್ ಜಾಗಕ್ಕೆ ಬರುತ್ತೇನೆ. ಕೋಲು ಹೆಲ್ಮೆಟ್ಟಿನ ಮೇಲೆ ಕೂತೇಬಿಟ್ಟಿತ್ತು. ತಾಗುತ್ತಿತ್ತು ಎನ್ನುವುದು ಗೆಳೆಯನ ಸೌಜನ್ಯ. ನಿಜದಲ್ಲಿ ಅದರ ಮುಂದಿನ ತುದಿ ಚೌಕಟ್ಟಿನಿಂದ ಮೇಲೆದ್ದಿತ್ತು. ನಾನು ಸ್ವಲ್ಪ ಮುಂದಕ್ಕೆ ಜಾರಿದೆ. ಸೊಂಟ ಸೀಟಿನ ಬೆನ್ನು ಬಿಟ್ಟು ಬಂತು, ಬೆನ್ನು ಬಿಲ್ಲಿನಂತಾಯಿತು, ಗದ್ದ ಎದೆಗಂಟಿತು. ಕೋಲು ಎರಡೂ ತುದಿಯಲ್ಲಿ ನೆಮ್ಮದಿಯಾಗಿ ಕೂತಿತು. ಅದಕ್ಕೂ ಹೆಲ್ಮೆಟ್ಟಿಗೂ ನಡುವೆ ಒಂದು ಬೆರಳು ಜಾಗ.

"ನೋಡು, ಪಾಸ್" ಅಂದೆ.

"ಹಿಂಗ ಕುಂತ್ರ ಪಾಸ್ ಆಗ್ತಿ ಖರೆ. ಓಡಸೂದು ಹೆಂಗ?"

"ಪರೀಕ್ಷೆ ಎರಡು ನಿಮಿಷ. ಆಮೇಲೆ ಯಾರು ನೋಡ್ತಾರೆ?"

ಅವನು ಏನೂ ಅನ್ನಲಿಲ್ಲ. ಪೊರಕೆ ಹೆಗಲ ಮೇಲಿಟ್ಟುಕೊಂಡು ಒಳಗೆ ಹೋದ.

ಟ್ರ್ಯಾಕ್ ಇರುವುದು ಮಿಶಿಗನ್ ಸರೋವರದ ದಂಡೆಯ ಸೌತ್ ಹೇವನ್ ಎಂಬ ಊರಿನ ಬಳಿ. ಬ್ಲೂಬೆರಿ ಬೆಳೆಗೆ ಹೆಸರಾದ ಸೀಮೆ ಅದು. ಜಿಂಜರ್‌ಮ್ಯಾನ್ ರೇಸ್‌ವೇ, ಹನ್ನೊಂದು ತಿರುವು. ಬೆಳಗಿನ ಜಾವ ನಾಲ್ಕಕ್ಕೆ ಹೊರಟು ಮಂಜಿನಲ್ಲಿ ತಲುಪಿದೆವು. ತಪಾಸಣೆಯ ಸಾಲಿನಲ್ಲಿ ಹಣ್ಣು ಹಣ್ಣು ಮುದುಕರೊಬ್ಬರು ಒಂದೊಂದೇ ಕಾರು ನೋಡುತ್ತಿದ್ದರು. ಚಕ್ರ ಅಲ್ಲಾಡಿಸಿದರು, ಬ್ರೇಕು ನೋಡಿದರು, ಬ್ಯಾಟರಿ ಎಳೆದು ನೋಡಿದರು. ರೋಲ್ ಬಾರಿನ ಬುಡಕ್ಕೆ ಟಾರ್ಚ್ ಬಿಟ್ಟು, ನಾವು ಹಾಕಿದ ಪಟ್ಟಿ, ಬೋಲ್ಟುಗಳನ್ನು ನೋಡಿ "ಒಳ್ಳೆಯ ಕೆಲಸ" ಎಂದರು. ನಾನು ಗೆಳೆಯನ ಕಡೆ ನೋಡಿದೆ. ಆಮೇಲೆ ಅವರು ಗೋಡೆಗೆ ಒರಗಿಸಿದ್ದ ಪೊರಕೆ ಕೈಗೆತ್ತಿಕೊಂಡರು.

ನಾನು ಅಭ್ಯಾಸ ಮಾಡಿದ್ದ ಹಾಗೆ ಜಾರಿ ಕೂತೆ. ಕೋಲಿಟ್ಟರು. ತಾಗಲಿಲ್ಲ. ಅವರು ಕೋಲು ತೆಗೆಯಲಿಲ್ಲ. ಎಡಗೈಯಲ್ಲಿ ಅದನ್ನು ಹಾಗೇ ಹಿಡಿದುಕೊಂಡು, ಬಲಗೈ ಚಾಚಿ ನನ್ನ ಸೊಂಟಕ್ಕೂ ಸೀಟಿಗೂ ನಡುವೆ ತೂರಿಸಿದರು. ಇಡೀ ಅಂಗೈ ಸಲೀಸಾಗಿ ಹೋಯಿತು.

"ಇಲ್ಲಿ ನನ್ನ ಕೈ ಹಿಡಿಯುತ್ತಿದೆ" ಎಂದರು. ಗದರಿಕೆ ಇಲ್ಲ, ನಗುವೂ ಇಲ್ಲ. "ನೀವು ಓಡಿಸುವ ಹಾಗೆ ಕೂತುಕೊಳ್ಳಿ."

ನೆಟ್ಟಗೆ ಕೂತೆ. ಕೋಲು ಮೇಲೆದ್ದಿತು. ಅವರು ಕಾಗದದಲ್ಲಿ ಒಂದು ಗುರುತು ಹಾಕಿ, ಗೆಳೆಯನನ್ನು ಕೂರಿಸಿ ನೋಡಿದರು. ಅವನ ಹೆಲ್ಮೆಟ್ಟಿಗೂ ಕೋಲಿಗೂ ನಡುವೆ ನಾಲ್ಕು ಬೆರಳು. ಅವನಿಗೆ ಅನುಮತಿ, ನನಗಿಲ್ಲ. ಕಟ್ಟಿದ ಶುಲ್ಕ ಹೋಯಿತು. ಅದಕ್ಕಿಂತ, ಹಿಂದೆ ಸಾಲಿನಲ್ಲಿ ನಿಂತವರೆಲ್ಲ ನೋಡಿದರಲ್ಲ, ಅದು ಉರಿಯಿತು.

ಆ ದಿನವೆಲ್ಲ ಬೇಲಿಯ ಆಚೆ ನಿಂತು ನಮ್ಮ ಕಾರು ಸುತ್ತುವುದನ್ನು ನೋಡಿದೆ. ಮಧ್ಯಾಹ್ನದ ಬಿಡುವಿನಲ್ಲಿ ಆ ಹಿರಿಯರು ಸ್ಯಾಂಡ್‌ವಿಚ್ ಹಿಡಿದು ಬಂದು ಪಕ್ಕದಲ್ಲಿ ನಿಂತರು. ನನ್ನ ಮುಖ ನೋಡಿ ಅವರಿಗೇ ಕನಿಕರ ಬಂದಿರಬೇಕು. ಆ ಪೊರಕೆ ಏನು ಎಂದು ಅವರು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಕಾರು ತಲೆಕೆಳಗಾದಾಗ ಅದು ಹಿಂದೆ ಕಮಾನಿನ ಮೇಲೆ, ಮುಂದೆ ಮೂತಿಯ ಮೇಲೆ ಅಥವಾ ಗಾಜಿನ ಚೌಕಟ್ಟಿನ ಮೇಲೆ ನಿಲ್ಲುತ್ತದೆ. ಅಂದರೆ ಆ ಹೊತ್ತಿನಲ್ಲಿ ಪೊರಕೆಯೇ ನೆಲ. ಅದೂ ಎಲ್ಲ ಅಂದುಕೊಂಡ ಹಾಗೆ ಆದರೆ. ಗಾಜಿನ ಚೌಕಟ್ಟು ಬಗ್ಗಬಹುದು. ಹುಲ್ಲಿನ ಮೆತ್ತಗಿನ ನೆಲದಲ್ಲಿ ಕಮಾನು ಹೂತುಕೊಳ್ಳಬಹುದು. ಬೆಲ್ಟು ಹಿಗ್ಗಿ, ಸೀಟಿನ ಫೋಮು ಅರಳಿ, ಮೈ ತಲೆಯ ದಿಕ್ಕಿಗೆ ಜಾರುತ್ತದೆ. ಗಟ್ಟಿ ಕ್ಲಬ್ಬುಗಳು ಕೇಳುವ ಆ ಎರಡು ಇಂಚು ಈ ಎಲ್ಲ 'ಬಹುದು'ಗಳಿಗಾಗಿ ಬಿಟ್ಟ ಜಾಗ. ಇನ್ನು ನಾನು ಜಾರಿ ಕೂತ ಭಂಗಿ: ಹಾಗೆ ಕೂತಾಗ ಸೊಂಟದ ಮೂಳೆಯ ಮೇಲಿರಬೇಕಾದ ಬೆಲ್ಟು ಹೊಟ್ಟೆಯ ಮೇಲೆ ಬರುತ್ತದೆ. ಎದುರಿನಿಂದ ಗುದ್ದಿದರೆ ಮೈ ಬೆಲ್ಟಿನಡಿ ನುಸುಳಿ, ಬೆಲ್ಟೇ ಒಳಗಿನ ಅಂಗಗಳನ್ನು ಕುಯ್ಯುತ್ತದೆ.

ಬೆಸುಗೆಯ ಬಗ್ಗೆ ಪುಟಗಟ್ಟಲೆ ಬರೆದ ನನಗೆ ಇದು ಗೊತ್ತಿಲ್ಲದ ವಿಷಯವಾಗಿರಲಿಲ್ಲ. ಗೊತ್ತಿದ್ದೂ ಜಾರಿ ಕೂತಿದ್ದೆ. ವಾಪಸು ಬರುವ ದಾರಿಯಲ್ಲಿ ಗೆಳೆಯ ಓಡಿಸುತ್ತಿದ್ದ. ನಾನು ಪಕ್ಕದಲ್ಲಿ ಕೂತು ಅಪ್ಪನ ಬಗ್ಗೆ ಯೋಚಿಸುತ್ತಿದ್ದೆ.

ಅಪ್ಪ ನಿವೃತ್ತ ಹೈಸ್ಕೂಲು ಮೇಷ್ಟ್ರು. ಅವರ ಹೆಲ್ಮೆಟ್ಟು ಸ್ಕೂಟರಿನ ಕನ್ನಡಿಗೆ ನೇತಾಡುತ್ತಿತ್ತು, ಇಲ್ಲವೇ ಕಾಲಿನ ಹತ್ತಿರ ಕೂತಿರುತ್ತಿತ್ತು. ಸರ್ಕಲ್ಲಿನಲ್ಲಿ ಪೊಲೀಸರು ಕಂಡಾಗ ತಲೆಗೇರುತ್ತಿತ್ತು, ದಾಟಿದ ಮೇಲೆ ಇಳಿಯುತ್ತಿತ್ತು. ಆಮೇಲೆ ಅಮ್ಮನ ಕಾಟಕ್ಕೆ ಯಾವಾಗಲೂ ಹಾಕಿಕೊಳ್ಳತೊಡಗಿದರು, ಆದರೆ ಗದ್ದದ ಪಟ್ಟಿ ಕಟ್ಟುತ್ತಿರಲಿಲ್ಲ. "ಕತ್ತು ಹಿಸುಕಿದಂಗಾಗುತ್ತೆ ಕಣೋ" ಎನ್ನುತ್ತಿದ್ದರು. ನಾನು ಇಲ್ಲಿಗೆ ಬಂದ ಎರಡನೇ ವರ್ಷ ಒಂದು ಸಂಜೆ ನಾಯಿ ಅಡ್ಡ ಬಂದು ಬಿದ್ದರು. ದೊಡ್ಡ ವೇಗವೇನಲ್ಲ. ನೋಡಿದವರು ಹೇಳಿದ್ದು, ಅಪ್ಪ ನೆಲಕ್ಕೆ ಬೀಳುವ ಮೊದಲೇ ಹೆಲ್ಮೆಟ್ಟು ಬಿದ್ದು ಉರುಳಿಕೊಂಡು ಹೋಗಿತ್ತಂತೆ.

ಅಪ್ಪ ಬದುಕಿದರು. ಹಣೆಯ ಹೊಲಿಗೆ ಮಾಸಿತು. ಆದರೆ ವಾಸನೆ ಹೋಯಿತು. ಮೂಗಿನಿಂದ ಮೆದುಳಿಗೆ ಹೋಗುವ ಎಳೆನರಗಳು ಬುರುಡೆಯ ಬುಡದಲ್ಲಿ ಜರಡಿಯಂಥ ಒಂದು ಮೂಳೆಯ ತೂತುಗಳಲ್ಲಿ ಹಾದುಹೋಗುತ್ತವೆ. ತಲೆಗೆ ಜೋರಾಗಿ ಪೆಟ್ಟು ಬಿದ್ದಾಗ ಮೆದುಳು ಅಲುಗಿ ಅವು ಅಲ್ಲೇ ಕತ್ತರಿಸಿಹೋಗಬಹುದು. ಅಪ್ಪನಿಗೆ ಈಗ ಹಾಲು ಉಕ್ಕಿ ಸೀದರೂ ಗೊತ್ತಾಗುವುದಿಲ್ಲ. ಕಾಫಿ ಬಿಸಿ ಮಾತ್ರ ಅಂತೆ. ಅಟ್ಟದಲ್ಲಿ ಕೊಬ್ಬರಿ ಕೆಟ್ಟರೆ ಅಮ್ಮನೇ ಹೇಳಬೇಕು.

ಆಗ ಫೋನಿನಲ್ಲಿ ನಾನು ಅಪ್ಪನ ಮೇಲೆ ಕೂಗಾಡಿದ್ದೆ. ಹದಿನಾಲ್ಕು ಸಾವಿರ ಕಿಲೋಮೀಟರಿನಾಚೆಯಿಂದ ಅಳಲಾಗದವನು ಕೂಗಾಡುತ್ತಾನೆ. 1988ರ ಮೋಟಾರು ವಾಹನ ಕಾಯ್ದೆಯ 129ನೇ ಕಲಮನ್ನು ಹುಡುಕಿ ಅವರಿಗೆ ಓದಿ ಹೇಳಿದ್ದೆ. ಹೆಲ್ಮೆಟ್ಟು ತಲೆಯ ಮೇಲಿದ್ದರೆ ಸಾಲದು, ಪಟ್ಟಿಯಿಂದ ಭದ್ರವಾಗಿ ಕಟ್ಟಿರಬೇಕು ಎಂದು ಕಾನೂನಿನಲ್ಲೇ ಇದೆ. "ನೀವು ಪೊಲೀಸ್‌ನೋರಿಗೆ ಹಾಕ್ಕೊಂಡಿದ್ರಿ, ತಲೆಗಲ್ಲ" ಅಂದಿದ್ದೆ. ಅಪ್ಪ ಎಷ್ಟೋ ಹೊತ್ತು ಸುಮ್ಮನಿದ್ದು, "ಹೌದಪ್ಪ" ಅಂದಿದ್ದರು. ಎಷ್ಟೋ ಮಕ್ಕಳಿಗೆ ಬುದ್ಧಿ ಹೇಳಿದ ಮನುಷ್ಯ.

ಅವತ್ತು ಆ ಹಿರಿಯರ ಅಂಗೈ ನನ್ನ ಬೆನ್ನ ಹಿಂದೆ ಹೋದಾಗ ನನಗೆ ತಟ್ಟಿದ್ದು ಇದು. ನಾನೂ ಅವರಿಗಾಗಿ ಕೂತಿದ್ದೆ, ನನ್ನ ತಲೆಗಾಗಿ ಅಲ್ಲ. ಅಪ್ಪನ ಸರ್ಕಲ್ಲು ತಿಪಟೂರಿನಲ್ಲಿತ್ತು, ನನ್ನದು ಸೌತ್ ಹೇವನ್ನಿನಲ್ಲಿ. ಅಷ್ಟೇ ವ್ಯತ್ಯಾಸ.

ಮರುವಾರ ಕೂತು ಪರಿಹಾರ ಹುಡುಕಿದೆವು. ಇನ್ನೂ ಎತ್ತರದ ಕಮಾನು ಹಾಕಿದರೆ ಬಟ್ಟೆಯ ಛಾವಣಿ ಮುಚ್ಚುವುದಿಲ್ಲ. ಮಿಶಿಗನ್ನಿನ ಹಿಮದಲ್ಲಿ ಅದು ಆಗದ ಮಾತು, ಇದೇ ಕಾರಿನಲ್ಲಿ ತರಕಾರಿಗೂ ಹೋಗಬೇಕು. ಸೀಟಿನ ಬೆನ್ನನ್ನು ಹಿಂದಕ್ಕೆ ಒರಗಿಸಿದರೆ ತಲೆ ತಗ್ಗುತ್ತದೆ, ಆದರೆ ಅದೂ ಜಾರಿ ಕೂತಂತೆಯೇ. ಮೂಲ ಸೀಟು ಕಿತ್ತು, ತೆಳುವಾದ ರೇಸ್ ಸೀಟನ್ನು ನೇರ ನೆಲಕ್ಕೆ ಬಿಗಿದರೆ ಬೇಕಾದಷ್ಟು ಜಾಗ ಸಿಗುತ್ತದೆ. ಆದರೆ ಹಾಗೆ ಬಿಗಿದ ಸೀಟು ಹಿಂದೆ ಮುಂದೆ ಸರಿಯುವುದಿಲ್ಲ. ನನಗೆ ಸರಿಯಾದರೆ ಗೆಳೆಯನ ಕಾಲು ಪೆಡಲಿಗೆ ಎಟುಕುವುದಿಲ್ಲ. ಅವನು "ನೀ ಹಾಕ್ಸ್ಕೋ, ನಾ ಬಾಜು ಕುಂದ್ರತೀನಿ" ಅಂದ. ಕಾರಿನ ಅರ್ಧ ದುಡ್ಡು ಅವನದು. ತಪಾಸಣೆಯಲ್ಲಿ ಪಾಸಾದವನೂ ಅವನೇ. ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಕೊನೆಗೆ ಉಳಿದದ್ದು ಈ ಕಾರಿನ ಉದ್ದನೆಯ ಮಾಲೀಕರೆಲ್ಲ ಮಾಡುವ ಕೆಲಸ: ಸೀಟಿನ ಹೊಟ್ಟೆ ಬಗೆಯುವುದು. ಸೀಟು ಬಿಚ್ಚಿ ಮನೆಯ ಹಜಾರಕ್ಕೆ ತಂದು, ಹೊದಿಕೆ ಬಿಡಿಸಿ, ಬ್ರೆಡ್ಡು ಕುಯ್ಯುವ ಹಲ್ಲಿನ ಚಾಕುವಿನಿಂದ ಫೋಮನ್ನು ಪದರ ಪದರವಾಗಿ ಕೊಯ್ದೆವು. ಒಮ್ಮೆಲೇ ಜಾಸ್ತಿ ತೆಗೆದರೆ ಕೆಳಗಿನ ಕಬ್ಬಿಣ ಕುಂಡೆಗೆ ಚುಚ್ಚುತ್ತದೆ. ಹಾಗಾಗಿ ಕೊಯ್ಯುವುದು, ಕಾರಿನಲ್ಲಿಟ್ಟು ಕೂರುವುದು, ಪೊರಕೆ ಇಟ್ಟು ನೋಡುವುದು, ಮತ್ತೆ ಬಿಚ್ಚುವುದು. ಸೀಟಿನಲ್ಲಿ ಕೂರುವಾಗಲೆಲ್ಲ ಗೆಳೆಯ ನನ್ನ ಸೊಂಟದ ಹಿಂದೆ ಕೈ ತೂರಿಸಲು ನೋಡುತ್ತಿದ್ದ. ಅವನಿಗೆ ಅದೊಂದು ಆಟವಾಗಿತ್ತು. ನಾಲ್ಕನೇ ಸಲಕ್ಕೆ ಅವನ ಕೈ ಹೋಗಲಿಲ್ಲ, ಕೋಲು ತಾಗಲೂ ಇಲ್ಲ. ನಡುವೆ ಎರಡು ಬೆರಳು. ನೆಲದ ತುಂಬ ಹಳದಿ ಫೋಮಿನ ಚೂರು. ಅದೇ ಪೊರಕೆಯಿಂದ ಗುಡಿಸಿದೆವು, ದೀಪ ಹಚ್ಚಿದ ಮೇಲೆ. ಗೆಳೆಯನಿಗೆ ಕೂರಲು ಒಂದು ದಿಂಬು ಕೊಂಡೆವು. ಅವನು ಕೂತಾಗ ಇನ್ನೂ ಮೂರು ಬೆರಳು ಜಾಗ ಉಳಿಯುತ್ತದೆ, ಅಳೆದಿದ್ದೇವೆ.

ಮುಂದಿನ ತಿಂಗಳು ಅದೇ ಹಿರಿಯರು, ಅದೇ ಪೊರಕೆ. ಕೋಲಿಟ್ಟರು, ಸೊಂಟದ ಹಿಂದೆ ಕೈ ಹಾಕಲು ನೋಡಿದರು, ಹೋಗಲಿಲ್ಲ. ನನ್ನನ್ನು ಗುರುತಿಸಿದರೋ ಇಲ್ಲವೋ ಗೊತ್ತಿಲ್ಲ. ಗುರುತು ಹಾಕಿದ ಕಾಗದ ಕೈಗಿಟ್ಟು ಮುಂದಿನ ಕಾರಿಗೆ ಹೋದರು. ಆ ದಿನ ಎಂಥ ತಿರುವಿನಲ್ಲಿ ಎಷ್ಟು ವೇಗವಾಗಿ ಹೋದೆ ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಖುಷಿಯಾಯಿತು, ಬಹಳ ಖುಷಿಯಾಯಿತು. ಕಾರು ಪಲ್ಟಿಯಾಗಲಿಲ್ಲ. ಮುಂದೆಂದೂ ಆಗದೆಯೂ ಇರಬಹುದು.

ಆ ಭಾನುವಾರ ಮನೆಗೆ ವಿಡಿಯೋ ಕಾಲ್ ಮಾಡಿದೆ. ಅಲ್ಲಿಯವರೆಗೆ ಕಾರಿನ ಸುದ್ದಿಯನ್ನೇ ಮನೆಯಲ್ಲಿ ಹೇಳಿರಲಿಲ್ಲ. ಎಲ್ಲ ಹೇಳಿದೆ: ಕಮಾನು, ಹೆಲ್ಮೆಟ್ಟು, ಪೊರಕೆ. ಅಮ್ಮ ಪೊರಕೆ ತಲೆಗೆ ತಾಗಿಸಿಕೊಂಡೆನೆಂದು ಗಾಬರಿಯಾದಳು. ಅಪ್ಪ ನಕ್ಕರು. ಆಮೇಲೆ ಜಾರಿ ಕೂತಿದ್ದನ್ನೂ ಹೇಳಿದೆ. ಅವರು ನಗು ನಿಲ್ಲಿಸಿ ಕೇಳಿಸಿಕೊಂಡರು. ನಾನು ಓದಿ ಹೇಳಿದ್ದ ಕಲಮನ್ನು ಅವರು ಎತ್ತಲಿಲ್ಲ. ಎತ್ತಬಹುದಿತ್ತು.

"ಅಪ್ಪ, ಈಗ ಪಟ್ಟಿ ಕಟ್ತೀರಾ?" ಎಂದು ಕೇಳಿದೆ.

"ಕಟ್ತೀನಪ್ಪ. ಸರ್ಕಲ್ ದಾಟಿದ ಮೇಲೂ" ಎಂದರು. ಕ್ಲಾಸಿನಲ್ಲಿ ಕೊನೆಯ ಬೆಂಚಿನವರನ್ನು ನೋಡುತ್ತಿದ್ದ ಹಾಗೆ ಪರದೆಯ ಹತ್ತಿರ ಬಗ್ಗಿ, "ನೀನು?" ಎಂದರು. "ಈಗ ನೆಟ್ಟಗೆ ಕೂರ್ತೀಯಾ?"

ನಾನು ಹಾಸಿಗೆಯ ಮೇಲೆ ಗೋಡೆಗೊರಗಿ, ಅರ್ಧ ಜಾರಿ ಕೂತಿದ್ದೆ. ಎದ್ದು ಬೆನ್ನು ನೆಟ್ಟಗೆ ಮಾಡಿ, "ಕೂರ್ತೀನಪ್ಪ" ಅಂದೆ.